ನಾಯಿ ಸುಮ್ಮನಾಗಿದೆ ಅಂದರೆ ಭಯ ಹೋಗಿದೆ ಅಂತಲ್ಲ: ಬೋರ್ಡಿಂಗ್ ಟ್ರೈನಿಂಗ್‌ಗೆ ಬಿಡುವ ಮುಂಚೆ ಓದಿ

ಪುಕ್ಕಲು ನಾಯಿಯನ್ನು ವಾರಗಟ್ಟಲೆ ಸೆಂಟರಿನಲ್ಲೇ ಇಟ್ಟುಕೊಂಡು ಕಲಿಸುವ ಬೋರ್ಡಿಂಗ್ ಟ್ರೈನಿಂಗ್‌ಗೆ ಬಿಡುವ ಯೋಚನೆ ಇದ್ದರೆ ದುಡ್ಡು ಕಟ್ಟುವ ಮುಂಚೆ ಇದನ್ನೊಮ್ಮೆ ಓದಿ. ಬೆಂಗಳೂರಿನ ಒಂದು ಮನೆಯಲ್ಲಿ ಆದದ್ದನ್ನು ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ. ಸೆಂಟರಿನ ಹೆಸರು ಹಾಕುತ್ತಿಲ್ಲ. ಅಲ್ಲಿ ನಡೆದದ್ದೇ ಬೇರೆ ಬೇರೆ ಬೋರ್ಡುಗಳಡಿಯಲ್ಲೂ ನಡೆಯುತ್ತಿದೆ, ಒಂದು ಹೆಸರು ಗೊತ್ತಾದರೆ ಉಳಿದದ್ದೆಲ್ಲ ಸರಿ ಅಂದುಕೊಳ್ಳುವವರೇ ಹೆಚ್ಚು.

ಕೆಂಚಿ ಬೀದಿಯಿಂದ ಬಂದ ಎರಡು ವರ್ಷದ ಹೆಣ್ಣು ನಾಯಿ. ಲಿಫ್ಟಿನ ಬಾಗಿಲು ತೆರೆದರೆ ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಹೆಲ್ಮೆಟ್ ಹಾಕಿದವರನ್ನು ಕಂಡರೆ ಹಿಂದೆ ಸರಿದು ಗುರ್ ಅನ್ನುತ್ತಿತ್ತು. ಯಾರನ್ನೂ ಕಚ್ಚಿರಲಿಲ್ಲ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ದೂರು ಬಂದ ಮೇಲೆ ಮನೆಯವರು ಗಾಬರಿಯಾಗಿ ಮೂರು ವಾರದ ಪ್ಯಾಕೇಜಿಗೆ ಬಿಟ್ಟರು. “ಯಜಮಾನ ಯಾರು ಅಂತ ಅದಕ್ಕೆ ಗೊತ್ತಾಗ್ಬೇಕು ಸಾರ್, ಭಯ ಎಲ್ಲ ನಾಟಕ” ಅಂದರಂತೆ ಅಲ್ಲಿನವರು. ನಡುವೆ ನೋಡಲು ಬರಬೇಡಿ, ನಾಯಿ ಡಿಸ್ಟರ್ಬ್ ಆಗುತ್ತೆ ಅಂತಲೂ ಹೇಳಿದರು. ದಿನಾ ಒಂದು ವಿಡಿಯೊ ಬರುತ್ತಿತ್ತು: ಕೆಂಚಿ ಕೂತಿದೆ, ಪಕ್ಕದಲ್ಲೇ ಬೈಕ್ ಹೋಗುತ್ತದೆ, ಕೆಂಚಿ ಅಲ್ಲಾಡುವುದಿಲ್ಲ.

ಅಂಥ ವಿಡಿಯೊ ನಿಮಗೂ ಬಂದರೆ ಬೈಕನ್ನು ಬಿಟ್ಟು ನಾಯಿಯ ಮುಖ ನೋಡಿ. ಕೆಂಚಿಯ ಕಿವಿ ತಲೆಗೆ ಒತ್ತಿಕೊಂಡಿತ್ತು. ಬಾಯಿ ಬಿಗಿಯಾಗಿ ಮುಚ್ಚಿತ್ತು. ಬೈಕ್ ಹತ್ತಿರವಾದ ಹಾಗೆ ನಾಲಿಗೆಯ ತುದಿ ಚಕ್ಕನೆ ಮೂಗು ಸವರಿ ಒಳಗೆ ಹೋಗುತ್ತಿತ್ತು, ಕಣ್ಣಿನ ಬಿಳಿ ಒಂದು ಬದಿಯಲ್ಲಿ ಕಾಣುತ್ತಿತ್ತು, ಮೈಭಾರವೆಲ್ಲ ಹಿಂಗಾಲಿನ ಮೇಲಿತ್ತು. ಕತ್ತಿನಲ್ಲಿ ಒಂದು ಕಪ್ಪು ಡಬ್ಬಿ. ಅದು ಶಾಕ್ ಕಾಲರ್: ರಿಮೋಟ್ ಒತ್ತಿದರೆ ಕತ್ತಿಗೆ ಕರೆಂಟಿನ ಪೆಟ್ಟು ಕೊಡುವ ಪಟ್ಟಿ. ಮನೆಯವರು ಅದನ್ನು ಜಿಪಿಎಸ್ ಅಂದುಕೊಂಡಿದ್ದರು.

ಮನೆಗೆ ಬಂದಾಗ ಕತ್ತಿನ ಕೂದಲಿನಡಿ ಎರಡು ದುಂಡನೆಯ ಹುಣ್ಣು. ಕರೆಂಟಿನಿಂದ ಸುಟ್ಟದ್ದು ಅಂತ ಎಲ್ಲರೂ ತಿಳಿಯುತ್ತಾರೆ. ಸಾಮಾನ್ಯವಾಗಿ ಡಬ್ಬಿಯ ಎರಡು ಲೋಹದ ಮೊಳೆಗಳು ಗಂಟೆಗಟ್ಟಲೆ ಒಂದೇ ಜಾಗ ಒತ್ತಿದ್ದರಿಂದ ಆಗುವ ಹುಣ್ಣು ಅದು. ಅಂದರೆ ‘ಪಾಠ’ದ ಹೊತ್ತಿನಲ್ಲಿ ಮಾತ್ರವಲ್ಲ, ದಿನವಿಡೀ ಅದು ಕತ್ತಿನಲ್ಲೇ ಇತ್ತು.

ಮೊದಲ ಕೆಲವು ದಿನ ಮನೆಯವರಿಗೆ ಸಮಾಧಾನ. ಗುರ್ ಇಲ್ಲ, ಬೊಗಳುವುದಿಲ್ಲ. ಆದರೆ ಎಲ್ಲರೂ ಮಲಗಿದ ಮೇಲೆ ಮಾತ್ರ ಊಟ, ಚೆಂಡು ಮುಟ್ಟುವುದಿಲ್ಲ, ಹೆಸರು ಹಿಡಿದು ಕರೆದರೆ ಅಲ್ಲೇ ಉಚ್ಚೆ. ಆಮೇಲೊಂದು ಸಂಜೆ ಲಿಫ್ಟಿನಲ್ಲಿ ಡೆಲಿವರಿ ಹುಡುಗ, ತಲೆಯ ಮೇಲೆ ಹೆಲ್ಮೆಟ್, “ಎಷ್ಟು ಸಾಧು ನಾಯಿ” ಅಂತ ಬಗ್ಗಿ ತಲೆ ಸವರಲು ಹೋದ. ಗುರ್ ಅನ್ನದೆ ನೇರ ಕೈಗೆ ಬಾಯಿ ಹಾಕಿತು.

ಇದು ಆಗಲೇಬೇಕಿತ್ತು. ಗುರ್ ಅನ್ನುವುದು ‘ದೂರ ಹೋಗು’ ಅನ್ನುವ ಮಾತು. ಗುರ್ ಅಂದಾಗಲೆಲ್ಲ ಶಾಕ್ ಕೊಟ್ಟರೆ ಮಾತು ನಿಲ್ಲುತ್ತದೆ, ಭಯ ನಿಲ್ಲುವುದಿಲ್ಲ. ಹೆಲ್ಮೆಟ್ ಕಂಡಾಗಲೆಲ್ಲ ಕತ್ತಿಗೆ ನೋವಾದರೆ, ನಾಯಿ ಆ ನೋವನ್ನು ರಿಮೋಟ್ ಹಿಡಿದವನಿಗಲ್ಲ, ಹೆಲ್ಮೆಟ್ಟಿಗೇ ಕಟ್ಟುತ್ತದೆ. ಇದ್ದ ಭಯ ಇಮ್ಮಡಿ, ಮುನ್ಸೂಚನೆ ಸೊನ್ನೆ.

ಅಲ್ಲಾಡದೆ ಕೂರುವುದು ಏನು ಅನ್ನುವುದಕ್ಕೂ ಹಳೆಯ ಉತ್ತರವಿದೆ. 1967ರಲ್ಲಿ ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞರಾದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳನ್ನು ಕಟ್ಟಿಹಾಕಿ ತಪ್ಪಿಸಿಕೊಳ್ಳಲಾಗದ ಶಾಕ್ ಕೊಟ್ಟರು. ಆಮೇಲೆ ಸಣ್ಣ ತಡೆಗೋಡೆ ಹಾರಿದರೆ ಪಾರಾಗಬಹುದಾದ ಪೆಟ್ಟಿಗೆಗೆ ಹಾಕಿದಾಗಲೂ ಅವುಗಳಲ್ಲಿ ಹೆಚ್ಚಿನವು ಹಾರಲಿಲ್ಲ, ಬಿದ್ದುಕೊಂಡು ಸಹಿಸಿದವು. ಇಂದು ಅಂಥ ಪ್ರಯೋಗಕ್ಕೆ ಒಪ್ಪಿಗೆ ಸಿಗುವುದು ಕಷ್ಟ, ಅದೇ ಸ್ಥಿತಿಯನ್ನು ನಾವು ಫೀಸು ಕಟ್ಟಿ ತರಿಸಿಕೊಳ್ಳುತ್ತಿದ್ದೇವೆ. ಇನ್ನು ‘ಯಜಮಾನ’ ಮಾತು: ಅದರ ಬೇರು 1947ರಲ್ಲಿ ಪ್ರಾಣಿ ವರ್ತನೆಯ ಸಂಶೋಧಕ ರುಡಾಲ್ಫ್ ಶೆಂಕೆಲ್ ಮೃಗಾಲಯದ ತೋಳಗಳನ್ನು ನೋಡಿ, ಗುಂಪಿನಲ್ಲಿ ಯಜಮಾನಿಕೆಗೆ ಪೈಪೋಟಿ ನಡೆಯುತ್ತದೆ ಅಂತ ಬರೆದದ್ದರಲ್ಲಿದೆ. ಆ ಮಾತನ್ನು ಜನಪ್ರಿಯಗೊಳಿಸಿದವರಲ್ಲಿ ಒಬ್ಬರಾದ ತೋಳ ಸಂಶೋಧಕ ಡೇವಿಡ್ ಮೀಚ್ (Mech) ಅವರೇ 1999ರಲ್ಲಿ, ಕಾಡಿನ ತೋಳದ ಗುಂಪು ಅಂದರೆ ತಂದೆ, ತಾಯಿ, ಮರಿಗಳ ಸಂಸಾರ ಅಂತ ತಿದ್ದಿದರು. ನಮ್ಮ ಟ್ರೈನರುಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

“ಸಾಧಾರಣ ನಾಯಿಗೆ ತಿಂಡಿ ಸಾಕು, ಕಷ್ಟದ ಕೇಸಿಗೆ ಶಾಕೇ ಬೇಕು” ಅನ್ನುವವರೂ ಇದ್ದಾರೆ. ಅಮೆರಿಕದ ಪ್ರಾಣಿ ವರ್ತನೆಯ ಪಶುವೈದ್ಯರ ಸಂಘ 2021ರ ನಿಲುವಿನಲ್ಲಿ ನೇರವಾಗಿ ಬೇಡ ಅಂದಿದೆ: ಕಷ್ಟದ ಕೇಸಿಗೂ ಬಹುಮಾನದ ವಿಧಾನವೇ. ವೇಲ್ಸ್‌ನಲ್ಲಿ 2010ರಿಂದಲೇ ಶಾಕ್ ಕಾಲರ್ ನಿಷೇಧ. ನಮ್ಮಲ್ಲಿ ಟ್ರೈನರ್ ಅಂತ ಬೋರ್ಡು ಹಾಕಲು ಲೈಸೆನ್ಸಿನ ಹಂಗಿಲ್ಲ. ಆದರೆ ಹೊಡೆಯುವುದು, ಒದೆಯುವುದು, ಅನಗತ್ಯ ನೋವು ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧವೇ.

ಹಾಗಾಗಿ ಯಾರನ್ನೇ ಕರೆಸಿ, ಎರಡು ಪ್ರಶ್ನೆ ಕೇಳಿ: ನಾಯಿ ಸರಿಯಾಗಿ ಮಾಡಿದರೆ ಅದಕ್ಕೆ ಏನು ಕೊಡ್ತೀರಿ, ತಪ್ಪು ಮಾಡಿದರೆ ಏನು ಮಾಡ್ತೀರಿ? ಎರಡನೆಯದಕ್ಕೆ “ಸಣ್ಣ ಕರೆಕ್ಷನ್”, “ವೈಬ್ರೇಷನ್ ಅಷ್ಟೇ” ಅಂದರೆ ಬಾಗಿಲು ತೋರಿಸಿ. ಎಳೆದರೆ ಕತ್ತು ಬಿಗಿಯುವ ಚೋಕ್ ಚೈನ್, ಮುಳ್ಳಿನ ಕಾಲರ್, ನೀರು ಎರಚುವುದು, ನೆಲಕ್ಕೆ ಒತ್ತಿ ಹಿಡಿಯುವುದು ಎಲ್ಲ ಇದೇ ಪಟ್ಟಿ. ಗ್ಯಾರಂಟಿ ಕೊಡುವವರೂ ಬೇಡ, ನಿಮ್ಮನ್ನು ಪಾಠದಿಂದ ದೂರ ಇಡುವವರಂತೂ ಬೇಡವೇ ಬೇಡ. ಪುಕ್ಕಲು ನಾಯಿ ಹೆದರುವುದು ನಿಮ್ಮ ಲಿಫ್ಟಿಗೆ, ನಿಮ್ಮ ಗೇಟಿಗೆ. ಹೊಸಕೋಟೆಯ ಶೆಡ್ಡಿನಲ್ಲಿ ಅದನ್ನು ಸರಿಮಾಡಲಾಗದು.

ಸರಿಯಾದ ದಾರಿ ವೆಟ್‌ನಿಂದ ಶುರುವಾಗುತ್ತದೆ. ಕಿವಿಯ ಸೋಂಕು, ಸೊಂಟದ ನೋವು, ಉಣ್ಣೆ ಹುಳದ ಕಡಿತದಿಂದ ಬರುವ ಟಿಕ್ ಫೀವರ್, ಇವೆಲ್ಲ ನಾಯಿಯನ್ನು ಸಿಡುಕಾಗಿಸುತ್ತವೆ. ರಕ್ತ ಪರೀಕ್ಷೆ ಮಾಡಿಸದೆ ಯಾವ ಪಾಠವೂ ಬೇಡ.

ಆಮೇಲೆ ದೂರದ ಲೆಕ್ಕ. ಹೆಲ್ಮೆಟ್ ಕಂಡೂ ನಾಯಿ ಸಲೀಸಾಗಿ ತಿನ್ನುವ ಜಾಗ ಹುಡುಕಿ. ಅದು 20 ಮೀಟರ್ ಆಗಿರಬಹುದು, ಪಾರ್ಕಿಂಗಿನ ಆ ಕೊನೆಯೇ ಆಗಿರಬಹುದು. ಗುರುತಿನವರೊಬ್ಬರು ಹೆಲ್ಮೆಟ್ ಹಾಕಿ ಕಂಬದ ಹಿಂದಿನಿಂದ ಮೂರು ನಾಲ್ಕು ಸೆಕೆಂಡ್ ಕಾಣಿಸಿಕೊಳ್ಳಲಿ. ನಾಯಿ ನೋಡಿತೇ? ಈಗ ತಿಂಡಿ, ಒಂದರ ಹಿಂದೆ ಒಂದು. ಅವರು ಮರೆಯಾದರೋ, ತಿಂಡಿಯೂ ಬಂದ್. ಹೆಚ್ಚಿನವರು ಎಡವುವುದು ಈ ಅನುಕ್ರಮದಲ್ಲೇ: ಮೊದಲು ತಿಂಡಿ ತೋರಿಸಿ ಆಮೇಲೆ ಹೆಲ್ಮೆಟ್ ತರುತ್ತಾರೆ. ಹಾಗೆ ಮಾಡಿದರೆ ತಿಂಡಿಯ ಕವರಿನ ಸದ್ದೇ ‘ಏನೋ ಕಾದಿದೆ’ ಅನ್ನುವ ಸೂಚನೆಯಾಗಿ ನಾಯಿ ತಿನ್ನುವುದನ್ನೇ ಬಿಡುತ್ತದೆ. ಎಂಟು ಹತ್ತು ಸಲ, ಐದು ನಿಮಿಷದೊಳಗೆ ಮುಗಿಸಿ. ಹೆಲ್ಮೆಟ್ ಕಂಡ ತಕ್ಷಣ ನಾಯಿ ‘ಎಲ್ಲಿ ನನ್ನ ಪಾಲು’ ಅಂತ ನಿಮ್ಮ ಮುಖ ನೋಡತೊಡಗಿದರೆ ಮಾತ್ರ ಒಂದು ಮೀಟರ್ ಹತ್ತಿರ. ಕೋಳಿ ತುಂಡನ್ನೂ ಮೂಸಿ ಬಿಟ್ಟರೆ ತುಂಬ ಹತ್ತಿರ ಬಂದಿದ್ದೀರಿ, ಹಿಂದೆ ಹೋಗಿ. ಜೋರಾಗಿ ಬೆದರಿದ ದಿನವಾದರೆ ಒಂದೆರಡು ದಿನ ಪಾಠಕ್ಕೇ ರಜೆ.

ತಿಂಡಿ ಅಂದರೆ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಬೇಯಿಸಿದ ಕೋಳಿ, ಕಡಲೆಕಾಳಿನಷ್ಟು ಚೂರು. ಮನೆಯಲ್ಲಿ ಮಾಂಸ ಮಾಡದವರು ಪನೀರ್ ಬಳಸಬಹುದು. ಟೀ ಬಿಸ್ಕತ್ತಿನಿಂದ ಈ ಕೆಲಸ ಆಗದು. ನೆಂಟರು ಬಂದಾಗ ಅವರ ಕೈಯಿಂದ ತಿನ್ನಿಸಲು ಹೋಗಬೇಡಿ. ಆಸೆಗೆ ಹತ್ತಿರ ಬಂದು, ತಿಂದು ಮುಗಿದ ಮೇಲೆ ಅಪರಿಚಿತರ ಕಾಲ ಬುಡದಲ್ಲಿದ್ದೇನೆ ಅಂತ ಅರಿವಾಗಿ ಕಚ್ಚುವುದು ಸಾಮಾನ್ಯ. ತುಂಡನ್ನು ನಾಯಿಯ ಬೆನ್ನ ಹಿಂದೆ ಎಸೆಯಲು ಹೇಳಿ, ಅದು ದೂರ ಹೋಗಿ ತಿನ್ನಲಿ.

ಬರೀ ಕತ್ತಿನ ಬೆಲ್ಟಿನ ಬದಲು ಎದೆಯ ಮೇಲೆ ವೈ ಆಕಾರ ಬರುವ ಹಾರ್ನೆಸ್, ಎರಡು ಬೆರಳು ತೂರುವಷ್ಟು ಸಡಿಲ. ಬೆದರಿದ ನಾಯಿ ಹಿಮ್ಮುಖವಾಗಿ ಜಗ್ಗಿ ತಲೆ ನುಣುಚಿಸಿಕೊಳ್ಳುತ್ತದೆ, ಆದ್ದರಿಂದ ಶುರುವಿನಲ್ಲಿ ಬೆಲ್ಟನ್ನೂ ಉಳಿಸಿಕೊಂಡು ಹಾರ್ನೆಸ್ಸಿಗೊಂದು, ಬೆಲ್ಟಿಗೊಂದು ಹಗ್ಗ ಇರಲಿ.

ಔಷಧಿಗೆ ಹಿಂಜರಿಯಬೇಡಿ. ತಿನ್ನಲೂ ಆಗದಷ್ಟು ಭಯವಿದ್ದರೆ ಪಾಠ ತಲೆಗೇ ಹತ್ತುವುದಿಲ್ಲ. ಆತಂಕ ತಗ್ಗಿಸುವ ಫ್ಲುಯೊಕ್ಸೆಟಿನ್‌ನಂಥದ್ದು ಕೆಲಸ ತೋರಲು ನಾಲ್ಕರಿಂದ ಆರು ವಾರ ಬೇಕು, ಡೋಸ್ ವೆಟ್ ಹೇಳಿದಷ್ಟೇ. ದೀಪಾವಳಿಯ ಪಟಾಕಿಗೆ ಅಂತ ಬರೀ ಅಸಿಪ್ರೊಮಜಿನ್ ಬರೆದುಕೊಟ್ಟರೆ ಬೇರೆ ಇದೆಯೇ ಅಂತ ಕೇಳಿ: ಅದು ಮೈಯನ್ನು ಮಂಕು ಮಾಡುತ್ತದೆ, ಹೆದರಿಕೆ ಒಳಗೆ ಹಾಗೇ ಇರುತ್ತದೆ. ಇನ್ನೊಂದು, ಹೆದರಿದಾಗ ಹತ್ತಿರ ಕೂರಿಸಿಕೊಂಡರೆ ಭಯ ಅಭ್ಯಾಸವಾಗುತ್ತದೆ ಅನ್ನುವುದು ಸುಳ್ಳು. ಬಂದರೆ ತಬ್ಬಿಕೊಳ್ಳಿ, ಮಂಚದಡಿ ಹೋದರೆ ಅಲ್ಲೇ ಬಿಡಿ.

ನಾಯಿ ಈಗಾಗಲೇ ಅಂಥ ಜಾಗದಲ್ಲಿದ್ದರೆ ಪ್ಯಾಕೇಜು ಮುಗಿಯಲಿ ಅಂತ ಕಾಯಬೇಡಿ, ಇವತ್ತೇ ಕರೆತನ್ನಿ. ಕತ್ತಿನ ಕೂದಲು ಸರಿಸಿ ಫೋಟೊ ತೆಗೆದು, ಗಾಯವಿದ್ದರೆ ವೆಟ್‌ನಿಂದ ಬರೆಸಿಕೊಳ್ಳಿ. ಅವರು ಕಳಿಸಿದ ವಿಡಿಯೊ, ಕಟ್ಟಿದ ಹಣದ ರಸೀತಿ ಅಳಿಸಬೇಡಿ, ದೂರು ಕೊಡುವುದಾದರೆ ಬೇಕಾಗುತ್ತವೆ. ಮೊದಲ ಎರಡು ವಾರ ನೆಂಟರು, ಸ್ನಾನ, ಹೊಸ ಜಾಗ ಯಾವುದೂ ಬೇಡ. ಅದು ಮತ್ತೆ ಗುರ್ ಅಂದರೆ ಗದರಬೇಡಿ, ಹಿಂದೆ ಸರಿಯಿರಿ. ಅಷ್ಟರಲ್ಲಿ ಯಾರಿಗಾದರೂ ಹಲ್ಲು ತಾಗಿದರೆ, ಲಸಿಕೆ ಹಾಕಿದ ನಾಯಿಯೇ ಆಗಿರಲಿ, ಗಾಯವನ್ನು 15 ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು.