ಮಂಡಿಪೇಟೆಯ ಹಿತ್ತಾಳೆ ಅಂಗಡಿ: ಬಿಂದಿಗೆಯ ಕತ್ತು ನೋಡಿ ಕೊಂಡ ಕಥೆ

ತುಮಕೂರಿನ ಮಂಡಿಪೇಟೆಯ ಒಳಗಲ್ಲಿಯಲ್ಲಿರುವ ಹಿತ್ತಾಳೆ ಪಾತ್ರೆಗಳ ಅಂಗಡಿಯೊಂದರಿಂದ ಕಳೆದ ವರ್ಷ ಒಂದು ಬಿಂದಿಗೆಯನ್ನೂ ಒಂದು ತಪ್ಪಲೆಯನ್ನೂ ಕೊಂಡಿದ್ದೆ. ಒಂದು ಮಳೆಗಾಲ ಪೂರ್ತಿ ಕಳೆಯದೆ ಅವುಗಳ ಬಗ್ಗೆ ಬರೆಯಬಾರದು ಎಂದು ಸುಮ್ಮನಿದ್ದೆ.

ಮಳೆಗಾಲವೇ ಏಕೆಂದರೆ, ಇದಕ್ಕೂ ಮೊದಲು ಬೇರೆ ಕಡೆ ಕೊಂಡಿದ್ದ ಬಿಂದಿಗೆ ಎರಡನೆಯ ಮಳೆಗಾಲದಲ್ಲಿ, ಯಾರೂ ಬೀಳಿಸದೆ, ಎಲ್ಲಿಯೂ ತಗಲದೆ, ಇಟ್ಟ ಜಾಗದಲ್ಲೇ ಸೀಳಿತ್ತು. ಗುಬ್ಬಿ ಬಳಿಯ ನಮ್ಮ ಊರಮನೆಯಲ್ಲಿ ಅದನ್ನು ದನದ ಕೊಟ್ಟಿಗೆಗೆ ಅಂಟಿಕೊಂಡ ಕೋಣೆಯಲ್ಲಿ ಇಡುತ್ತಿದ್ದೆವು. ಬಾಯಂಚಿನಿಂದ ಕತ್ತಿನ ಕೆಳಗಿನವರೆಗೆ ಕೂದಲೆಳೆಯಷ್ಟು ಸಣ್ಣ ಬಿರುಕು. ಕಂಠಮಟ್ಟ ನೀರು ತುಂಬಿದರೆ ಅದರ ಉದ್ದಕ್ಕೂ ಬೆವರಿನಂತೆ ಹನಿ ಮೂಡುತ್ತಿತ್ತು. ಮಾರಿದವರು 'ನೀವೇ ಎಲ್ಲೋ ಕುಕ್ಕಿರುತ್ತೀರಿ' ಎಂದು ಕೈ ತೊಳೆದುಕೊಂಡರು.

ಕುಕ್ಕಿರಲಿಲ್ಲ. ಹಿತ್ತಾಳೆಯ ಈ ಕಾಯಿಲೆ ಹಳೆಯದು, ಅದು ಮೊದಲು ಪ್ರಸಿದ್ಧವಾದದ್ದೂ ನಮ್ಮ ದೇಶದಲ್ಲೇ. 19ನೆಯ ಶತಮಾನದಲ್ಲಿ ಇಲ್ಲಿದ್ದ ಬ್ರಿಟಿಷ್ ಸೈನ್ಯ ಕುದುರೆಲಾಯಗಳಲ್ಲಿ ದಾಸ್ತಾನಿಟ್ಟ ಬಂದೂಕಿನ ತೋಟಾಗಳ ಹಿತ್ತಾಳೆ ಕವಚಗಳು ಮಳೆಗಾಲದಲ್ಲಿ ತಾವಾಗಿಯೇ ಬಿರುಕು ಬಿಡುತ್ತಿದ್ದವು. ಅದಕ್ಕೆ 'ಸೀಸನ್ ಕ್ರ್ಯಾಕಿಂಗ್' ಎಂಬ ಹೆಸರೇ ಬಿತ್ತು. ಕಾರಣ ಸ್ಪಷ್ಟವಾದದ್ದು 1921ರಲ್ಲಿ: ತಗಡನ್ನು ತಣ್ಣಗಿರುವಾಗಲೇ ಎಳೆದು ಬಗ್ಗಿಸಿದಾಗ ಲೋಹದೊಳಗೆ ಉಳಿಯುವ ಬಿಗಿತವೂ, ಗಂಜಲದಿಂದ ಏಳುವ ಅಮೋನಿಯವೂ, ಗಾಳಿಯ ತೇವವೂ ಒಂದೆಡೆ ಸೇರಿದರೆ ಹಿತ್ತಾಳೆ ಸೀಳುತ್ತದೆ. ಕುದುರೆಯದಾದರೇನು, ಹಸುವಿನದಾದರೇನು. ಎಳೆದ ಮೇಲೆ ಲೋಹವನ್ನು ಹದವಾಗಿ ಕಾಸಿದರೆ ಒಳಗಿನ ಬಿಗಿತ ಸಡಿಲುತ್ತದೆ. ಹಾರಿಸಿದ ತೋಟಾದ ಕವಚವನ್ನು ಮತ್ತೆ ತುಂಬಿ ಬಳಸುವ ಗುರಿಕಾರರು ಇಂದಿಗೂ ಮೊದಲು ಪರೀಕ್ಷಿಸುವುದು ಅದರ ಕತ್ತನ್ನೇ, ಮತ್ತೆ ಮತ್ತೆ ಕಾಸುವುದೂ ಆ ಭಾಗವನ್ನೇ.

ಹಾಗಾಗಿ ಮಂಡಿಪೇಟೆಯ ಅಂಗಡಿಯಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ, 'ಕತ್ತು ತಿರುವಿದ ಮೇಲೆ ಕಾಸಿದ್ದಾರೆಯೇ?' ಎಂಬುದು. ಮಾಲೀಕರು ನಗಲಿಲ್ಲ. ಮುಂದೆ ಥಳಥಳಿಸುತ್ತಿದ್ದ ಬಿಂದಿಗೆಗಳ ಬಗ್ಗೆ ತಮಗೆ ಗೊತ್ತಿಲ್ಲವೆಂದು ಒಪ್ಪಿಕೊಂಡು, ಅಟ್ಟದಿಂದ ಮತ್ತೊಂದನ್ನು ಇಳಿಸಿ ತಂದರು. ಅದರ ಹೊರಮೈಗೆ ಪಾಲಿಶ್ ಆಗಿತ್ತು, ಆದರೆ ಕತ್ತಿನ ಒಳಗೆ ಬೆರಳಾಡಿಸಿ ನೋಡಿದರೆ ಬೆಂಕಿ ಕಂಡ ಮಾಸಲು ಕೆಂಗಪ್ಪು ಬಣ್ಣ ಹಾಗೆಯೇ ಉಳಿದಿತ್ತು. ತಕ್ಕಡಿಯಲ್ಲಿ ಅದು ಥಳಥಳಿಸುವ ಬಿಂದಿಗೆಗಿಂತ ಸುಮಾರು 300 ಗ್ರಾಂ ಕಡಿಮೆ ತೂಗಿತು. ನಾನು ಆರಿಸಿಕೊಂಡದ್ದು ಅದನ್ನೇ. ಹಿತ್ತಾಳೆಯನ್ನು ಕಿಲೋ ಲೆಕ್ಕದಲ್ಲಿ ಮಾರುವವರು 'ತೂಕವೇ ಗಟ್ಟಿತನ' ಎನ್ನುವುದು ಸಹಜ, ಆದರೆ ತಳದಲ್ಲಿ ಕೂತ ತೂಕ ಕತ್ತನ್ನು ಕಾಯುವುದಿಲ್ಲ.

ಗೋಡೆಯ ಮೇಲೆ 'ಶುದ್ಧ ಹಿತ್ತಾಳೆ' ಎಂಬ ಬೋರ್ಡು ತೂಗುತ್ತಿದೆ. ತಾಮ್ರಕ್ಕೆ ಸತು ಬೆರೆಸಿದ್ದೇ ಹಿತ್ತಾಳೆ ಆದ್ದರಿಂದ ಶುದ್ಧ ಎಂಬ ಮಾತಿಗೆ ಇಲ್ಲಿ ಅರ್ಥ ಕಡಿಮೆ. ಕೇಳಬೇಕಾದದ್ದು ಎರಡರ ಪಾಲು. ತಗಡಿನ ಪಾತ್ರೆಗೆ ಒಪ್ಪುವುದು 70 ಪಾಲು ತಾಮ್ರ, 30 ಪಾಲು ಸತು. ತೋಟಾದ ಕವಚಕ್ಕೂ ಇದೇ ಅಳತೆ. ಸತು 40ರ ಹತ್ತಿರ ಹೋದರೆ ಅದು ಎರಕಕ್ಕೆ ಸರಿ, ತಣ್ಣಗೆ ಬಡಿಯಲು ಆಗದು. ಈ ಲೆಕ್ಕವನ್ನು ಅಂಗಡಿಯವರು ಬಾಯಿಮಾತಿನಲ್ಲಿ ಹೇಳಿದರೇ ಹೊರತು ರಸೀದಿಯಲ್ಲಿ ಬರೆದುಕೊಡಲಿಲ್ಲ. ಆಯಸ್ಕಾಂತ ಹಿಡಿದು ತೋರಿಸಿದ ಪರೀಕ್ಷೆಯಿಂದ ಒಳಗೆ ಕಬ್ಬಿಣವಿಲ್ಲ ಎಂಬುದಷ್ಟೇ ಸಾಬೀತಾಗುತ್ತದೆ.

ತಪ್ಪಲೆಯ ವಿಷಯದಲ್ಲಿ ನನಗೆ ಪೂರ್ತಿ ತೃಪ್ತಿಯಿಲ್ಲ. ಹುಣಸೆಹುಳಿಯ ಸಾರು ಕಾಯಿಸುವ ಪಾತ್ರೆಗೆ ಕಲಾಯಿ, ಅಂದರೆ ಒಳಗೆ ತವರದ ಲೇಪ, ಇಲ್ಲದಿದ್ದರೆ ತಾಮ್ರ ಸಾರಿಗೆ ಇಳಿಯುತ್ತದೆ, ಆದರೆ ಅಂಚಿನ ಕೆಳಗೆ ಅಡಿಕೆಯಷ್ಟು ಜಾಗದಲ್ಲಿ ತವರ ಹಿಡಿಯದೆ ಹಳದಿ ಇಣುಕುತ್ತಿದ್ದುದನ್ನು ನಾನು ಮನೆಗೆ ಬಂದ ಮೇಲೆ ನೋಡಿದೆ. ಹಿಂದಿರುಗಿಸಿದಾಗ ತಕರಾರು ಮಾಡದೆ ನವಸಾಗರ ಹಾಕಿ ಮತ್ತೆ ಬಳಿದುಕೊಟ್ಟರು. ಹಣ ಕೇಳಲಿಲ್ಲ, ಆದರೆ ನನ್ನ ಎರಡು ಓಡಾಟ ದಂಡವಾಯಿತು. ಹೊರಮೈಯ ವಾರ್ನಿಷನ್ನು ಒಲೆಗಿಡುವ ಮೊದಲೇ ತೆಗೆಯಬೇಕೆಂಬುದನ್ನೂ ಅವರು ಹೇಳಲಿಲ್ಲ, ಮೊದಲ ದಿನ ಅಡುಗೆಮನೆಯೆಲ್ಲ ಕಮಟುವಾಸನೆ. ತವರ 232 ಡಿಗ್ರಿಗೇ ಕರಗುವುದರಿಂದ ತಪ್ಪಲೆಯನ್ನು ಬರಿದಾಗಿ ಒಲೆಯ ಮೇಲೆ ಬಿಡಬಾರದು ಎಂಬ ಎಚ್ಚರಿಕೆಯನ್ನು ಮಾತ್ರ ಎರಡು ಸಲ ಹೇಳಿದರು.

ಬಿಂದಿಗೆ ಈ ಮಳೆಗಾಲ ದಾಟಿದೆ. ಕಳೆದ ವಾರ ಬಿಸಿಲಿಗೆ ಹಿಡಿದು ಕತ್ತಿನ ಸುತ್ತ ನೋಡಿದೆ, ಗೆರೆಯಿಲ್ಲ. ಆದರೂ ಅದನ್ನು ಕೊಟ್ಟಿಗೆಯ ಪಕ್ಕದ ಕೋಣೆಗೆ ಸೇರಿಸಿಲ್ಲ, ಪಡಸಾಲೆಯಲ್ಲೇ ಇದೆ.