ಒಂದೇ ಡಾಲೆಕ್ ಕಥೆ, ಮೂರು ರೂಪ: ಯಾವುದನ್ನು ನೋಡುವುದು?

ಡಾಕ್ಟರ್ ಎಂಬ ಅನ್ಯಗ್ರಹದವನು ಕಾಲಯಂತ್ರದಲ್ಲಿ ಅಲೆಯುವ ಬ್ರಿಟಿಷ್ ಟಿವಿ ಸರಣಿ ‘ಡಾಕ್ಟರ್ ಹೂ’ದ ಹಳೆಯ ಸಾಹಸಗಳನ್ನು ಎಲ್ಲಿಂದ ಶುರು ಮಾಡಲಿ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಎರಡನೇ ಕಥೆ, ‘ದಿ ಡಾಲೆಕ್ಸ್’. ಲೋಹದ ಕವಚದೊಳಗೆ ಬದುಕುವ ಕ್ರೂರ ಜೀವಿಗಳೇ ಈ ಡಾಲೆಕ್‌ಗಳು. ಬಿಬಿಸಿಯಲ್ಲಿ ಸರಣಿ ಆರಂಭವಾದದ್ದು 1963ರ ನವೆಂಬರ್ 23ರಂದು; ಟೆರ್ರಿ ನೇಷನ್ ಬರೆದ ಈ ಕಥೆ ಡಿಸೆಂಬರ್ 21ಕ್ಕೇ ಬಂತು. ಆದರೆ ಈಗ ಇದು ಮೂರು ರೂಪದಲ್ಲಿ ಸಿಗುತ್ತದೆ: ಏಳು ಕಂತುಗಳ ಕಪ್ಪು-ಬಿಳುಪು ಮೂಲ, 1965ರ ಸಿನಿಮಾ, 2023ರಲ್ಲಿ ಬಿಬಿಸಿ ಬಣ್ಣ ಹಚ್ಚಿ 75 ನಿಮಿಷಕ್ಕೆ ಕತ್ತರಿಸಿದ ಆವೃತ್ತಿ. ಇತ್ತೀಚೆಗೆ ಮೂರನ್ನೂ ಒಂದರ ಹಿಂದೊಂದು ನೋಡಿದೆ.

ಮೂಲ ನಿಧಾನ, ಅದರಲ್ಲಿ ಎರಡು ಮಾತಿಲ್ಲ. ಒಟ್ಟು ಮೂರು ಗಂಟೆಗೆ ಸ್ವಲ್ಪ ಕಡಿಮೆ. ಆದರೆ ಮೊದಲ ಕಂತಿನ ಕೊನೆಯ ಕೆಲವು ನಿಮಿಷ ನೋಡಿ. ಡಾಕ್ಟರ್ ಜೊತೆ ಬಂದ ಶಿಕ್ಷಕಿ ಬಾರ್ಬರಾ (ಜಾಕ್ವೆಲಿನ್ ಹಿಲ್) ಒಬ್ಬಳೇ ಡಾಲೆಕ್ ನಗರದ ಲೋಹದ ಓಣಿಗಳಲ್ಲಿ ದಾರಿ ತಪ್ಪಿ ಅಲೆಯುತ್ತಾಳೆ, ಹಿಂದೆ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ, ಟ್ರಿಸ್ಟ್ರಮ್ ಕ್ಯಾರಿಯ ಎಲೆಕ್ಟ್ರಾನಿಕ್ ಸದ್ದು ಗುಂಯ್‌ಗುಡುತ್ತಿರುತ್ತದೆ. ಕೊನೆಗೆ ಪರದೆಯೊಳಕ್ಕೆ ಬರುವುದು ಒಂದು ರಬ್ಬರ್ ಪ್ಲಂಜರ್ ಮಾತ್ರ. ಸಿಂಕ್ ಕಟ್ಟಿಕೊಂಡಾಗ ಒತ್ತುತ್ತೇವಲ್ಲ, ಅದೇ. ಡಾಲೆಕ್ ಕಾಣುವುದೇ ಇಲ್ಲ. ಗೋಡೆಗೆ ಒರಗಿ ಕಿರುಚುವ ಜಾಕ್ವೆಲಿನ್ ಹಿಲ್ ಮುಖವೇ ಸಾಕು. ಅಂದಿನ ಪ್ರೇಕ್ಷಕರು ಮುಂದೇನು ಎಂದು ವಾರವಿಡೀ ಕಾಯಬೇಕಿತ್ತು. ರೇಮಂಡ್ ಕ್ಯೂಸಿಕ್ ವಿನ್ಯಾಸದ ಡಾಲೆಕ್‌ಗಳು ಸ್ಟುಡಿಯೊದಲ್ಲಿ ಇದ್ದದ್ದೇ ನಾಲ್ಕು. ಗುಂಪು ದೊಡ್ಡದಾಗಿ ಕಾಣಲಿ ಅಂತ ಹಿಂದೆ ಫೋಟೊ ಕಟೌಟ್ ನಿಲ್ಲಿಸಿದ್ದರು. ಕಣ್ಣಿಟ್ಟು ನೋಡಿದರೆ ಗೊತ್ತಾಗುತ್ತದೆ, ಆದರೆ ಬೇಸರವಾಗುವುದಿಲ್ಲ.

ವಿಲಿಯಂ ಹಾರ್ಟ್‌ನೆಲ್‌ರ ಡಾಕ್ಟರ್ ಇಲ್ಲಿ ಇನ್ನೂ ನಂಬಲರ್ಹ ಮನುಷ್ಯನಲ್ಲ. ನಗರ ನೋಡುವ ಚಪಲಕ್ಕೆ ತನ್ನ ಕಾಲಯಂತ್ರ ಟಾರ್ಡಿಸ್‌ನ ಒಂದು ಬಿಡಿಭಾಗದಲ್ಲಿ ಪಾದರಸ ಮುಗಿದಿದೆ ಎಂದು ಹಸಿ ಸುಳ್ಳು ಹೇಳಿ ಎಲ್ಲರನ್ನೂ ವಿಕಿರಣದ ಬಾಯಿಗೆ ನೂಕುತ್ತಾನೆ. ಈ ಮುದುಕ ಮೆಲ್ಲಗೆ ಬದಲಾಗುವುದು ಮೂಲದ ನಿಜವಾದ ರುಚಿ, ಅದಕ್ಕೆ ಸಮಯ ಬೇಕೇ ಬೇಕು.

ಹಾಗಂತ ಏಳೂ ಕಂತು ಒಂದೇ ಮಟ್ಟದಲ್ಲಿಲ್ಲ. ನಾಲ್ಕನೆಯದರ ಅಂತ್ಯಕ್ಕೆ ಕಥೆ ಮುಗಿಯಬಹುದಿತ್ತು. ಯಂತ್ರದ ಆ ಬಿಡಿಭಾಗ ಡಾಲೆಕ್‌ಗಳ ಬಳಿಯೇ ಉಳಿದಿದೆ ಎಂದು ನೆನಪಾಗಿ ಮತ್ತೆ ಮೂರು ಕಂತು. ಗುಹೆ, ಹಗ್ಗ, ಜಿಗಿತ, ಮತ್ತೆ ಜಿಗಿತ. ನಾನು ಗಡಿಯಾರ ನೋಡಿದ್ದು ಇಲ್ಲೇ.

ಬಣ್ಣದ ಆವೃತ್ತಿ ಗೆಲ್ಲುವುದೂ ಇಲ್ಲೇ. ಗುಹೆಯ ಪ್ರಯಾಣ ಚುರುಕಾಗಿ ಮುಗಿಯುತ್ತದೆ, ಡಾಲೆಕ್ ನಗರದ ಬಣ್ಣ ಕಣ್ಣಿಗೆ ಹಬ್ಬ. ಆದರೆ ಮೊದಲರ್ಧದಲ್ಲಿ ಸಂಪಾದಕರ ಕತ್ತರಿಗೆ ತಾಳ್ಮೆಯಿಲ್ಲ. ಈಗಷ್ಟೇ ನೋಡಿದ್ದನ್ನೇ ಫ್ಲ್ಯಾಶ್‌ಬ್ಯಾಕ್ ಮಾಡಿ ತೋರಿಸುತ್ತಾರೆ, ನಾವು ಮರೆತಿದ್ದೇವೇನೋ ಎಂಬಂತೆ. ಮಾರ್ಕ್ ಐರ್ಸ್‌ರ ಹೊಸ ಸಂಗೀತ ಚೆನ್ನಾಗಿದೆ, ಸುಮ್ಮನಿರಬೇಕಾದ ಕಡೆಯೂ ಇದೆ. ಪ್ಲಂಜರ್ ದೃಶ್ಯ ಬಂದು ಹೋಗುತ್ತದೆ, ಅಷ್ಟೇ. ಹೆದರುವಷ್ಟು ಪುರಸೊತ್ತು ಸಿಗುವುದಿಲ್ಲ.

ಸಿನಿಮಾದ ಲೆಕ್ಕವೇ ಬೇರೆ. ಪೀಟರ್ ಕುಶಿಂಗ್‌ರ ಡಾಕ್ಟರ್ ಇಲ್ಲಿ ಬೇರೆ ಗ್ರಹದವನಲ್ಲ, ಹಿತ್ತಲಿನಲ್ಲಿ ಟಾರ್ಡಿಸ್ ಕಟ್ಟಿಕೊಂಡ ಪ್ರೀತಿಯ ಅಜ್ಜ. ಮೊದಲ ದೃಶ್ಯದಲ್ಲೇ ಮೊಮ್ಮಗಳ ಕೈಯಲ್ಲಿ ಭೌತಶಾಸ್ತ್ರದ ದಪ್ಪ ಪುಸ್ತಕ, ಅಜ್ಜನ ಕೈಯಲ್ಲಿ ಮಕ್ಕಳ ಕಾಮಿಕ್! ಡಾಲೆಕ್‌ಗಳು ಕೆಂಪು, ಕಪ್ಪು, ನೀಲಿ. ಬಂದೂಕಿನಿಂದ ಬರುವುದು ಬೆಂಕಿ ಆರಿಸುವ ಯಂತ್ರದ ಬಿಳಿ ಹೊಗೆ. ಜೊತೆಗಾರ ಇಯಾನ್ ಪಾತ್ರದ ರಾಯ್ ಕ್ಯಾಸಲ್ ತಾನಾಗಿ ತೆರೆದು ಮುಚ್ಚುವ ಬಾಗಿಲಿನ ಜೊತೆ ಮಾಡುವ ಒದ್ದಾಟ ಮಕ್ಕಳನ್ನು ನಗಿಸುತ್ತದೆ, ನನ್ನನ್ನೂ ಒಮ್ಮೆ ನಗಿಸಿತು. ಹೆದರಿಕೆ ಮಾತ್ರ ಹುಡುಕಿದರೂ ಇಲ್ಲ. ಸರಣಿಯ ಮುಂದಿನ ಕಥೆಗಳನ್ನು ನೋಡುವ ಇರಾದೆ ಇದ್ದರೆ ಇದರಿಂದ ಶುರು ಮಾಡಬೇಡಿ, ಡಾಕ್ಟರ್ ಯಾರೆಂಬ ಕಲ್ಪನೆಯೇ ಅಡಿಮೇಲಾಗುತ್ತದೆ.

ಮನೆಯಲ್ಲಿ ಎಂಟು-ಒಂಬತ್ತು ವರ್ಷದ ಮಕ್ಕಳಿದ್ದರೆ ರಜಾದಿನಕ್ಕೆ ಸಿನಿಮಾ ಸರಿ. ದೊಡ್ಡವರು ಮೂಲದ ಮೊದಲ ನಾಲ್ಕು ಕಂತನ್ನು ದಿನಕ್ಕೊಂದರಂತೆ, ದೀಪ ಆರಿಸಿ ನೋಡಿ. ಒಂದೇ ಕೂತಿಗೆ ಬೇಡ. ಐದನೆಯದರಲ್ಲಿ ತೂಕಡಿಕೆ ಬಂದರೆ ಸಂಕೋಚಪಡದೆ ಬಣ್ಣದ ಆವೃತ್ತಿಯ ಉತ್ತರಾರ್ಧಕ್ಕೆ ಜಿಗಿಯಿರಿ.