ಎಂಆರ್‌ಸಿಪಿಯೋ, ಎಬಿಐಎಂ ಬೋರ್ಡೋ?

ವೈದ್ಯಕೀಯ ಪದವಿ ಮುಗಿಸಿದವರು ಇಂಟರ್ನಲ್ ಮೆಡಿಸಿನ್ನಿನ ಈ ಎರಡು ಪರೀಕ್ಷೆಗಳಲ್ಲಿ ಯಾವುದನ್ನು ಬರೆಯಬೇಕು? ಮೊದಲು ಅರ್ಹತೆ ನೋಡಿ, ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ. ಅಮೆರಿಕದ ಇಂಟರ್ನಲ್ ಮೆಡಿಸಿನ್ ಮಂಡಳಿ (ಎಬಿಐಎಂ) ನಡೆಸುವ ಪರೀಕ್ಷೆಗೆ ಸಾಮಾನ್ಯವಾಗಿ ಮಾನ್ಯತೆ ಪಡೆದ ಮೂರು ವರ್ಷದ ರೆಸಿಡೆನ್ಸಿ (ಪದವಿಯ ನಂತರದ ಆಸ್ಪತ್ರೆ ತರಬೇತಿ) ಮುಗಿದಿರಬೇಕು. ಬ್ರಿಟನ್ನಿನ ರಾಯಲ್ ಕಾಲೇಜುಗಳ ಸದಸ್ಯತ್ವ ಪರೀಕ್ಷೆಯಾದ ಎಂಆರ್‌ಸಿಪಿಯ ಪಾರ್ಟ್ 1ಕ್ಕೆ ಪದವಿಯ ನಂತರ 12 ತಿಂಗಳ ಕ್ಲಿನಿಕಲ್ ಅನುಭವ ಸಾಕು.

ಎಬಿಐಎಂ ಒಂದೇ ದಿನದ್ದು: ಗರಿಷ್ಠ 240 ಪ್ರಶ್ನೆ, ನಾಲ್ಕು ಅವಧಿ, ಪ್ರಶ್ನೆಗೆ ಸುಮಾರು ಎರಡು ನಿಮಿಷ. ರೋಗಿಯನ್ನು ಮುಟ್ಟಿ ನೋಡುವ ಭಾಗವೇ ಇಲ್ಲ. ಎಂಆರ್‌ಸಿಪಿಯಲ್ಲಿ ಎರಡು ಲಿಖಿತ ಭಾಗ, ಒಂದೊಂದರಲ್ಲೂ 200 ಪ್ರಶ್ನೆ. ಎರಡರಲ್ಲೂ ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬೇಡಿ.

ನಿಜವಾದ ವ್ಯತ್ಯಾಸ ಪೇಸಸ್, ಅಂದರೆ ಎಂಆರ್‌ಸಿಪಿಯ ಪ್ರಾಯೋಗಿಕ ಭಾಗ. ಐದು ಸ್ಟೇಷನ್, ಎಂಟು ಭೇಟಿ, ಪ್ರತಿ ಸ್ಟೇಷನ್ನಿನಲ್ಲಿ ಇಬ್ಬರು ಪರೀಕ್ಷಕರು. ಏಳು ಕೌಶಲಗಳಿಗೆ ಬೇರೆಬೇರೆ ಅಂಕ. ಒಂದರಲ್ಲಿ ಕೆಳಗೆ ಬಿದ್ದರೆ ಒಟ್ಟು ಎಷ್ಟೇ ಬಂದಿರಲಿ, ಫೇಲ್. ಹೃದಯದ ಸ್ಟೇಷನ್ನಿನಲ್ಲಿ ಮರ್ಮರ್ (ಹೃದಯ ಬಡಿತದ ನಡುವಿನ ಹೆಚ್ಚುವರಿ ಸದ್ದು) ಕೇಳಿಸದಿದ್ದಾಗ ‘ಇರಬಹುದು’ ಎಂದು ಊಹಿಸಿ ಹೇಳುವುದು ದುಬಾರಿ: ಇಲ್ಲದ ಚಿಹ್ನೆ ಸೃಷ್ಟಿಸಿದರೆ ಅಂಕ ಹೋಗುತ್ತದೆ, ಅದರ ಮೇಲೆ ಕಟ್ಟಿದ ರೋಗನಿರ್ಣಯವೂ ಕುಸಿಯುತ್ತದೆ. ಹೊಟ್ಟೆ ಒತ್ತುವಾಗ ರೋಗಿಯ ಮುಖ ನೋಡದೆ ನೋಯಿಸಿದರೆ ರೋಗಿಯ ಕ್ಷೇಮದ ಅಂಕಕ್ಕೇ ಕುತ್ತು.

ಎರಡಕ್ಕೂ ಒಂದೇ ಪ್ರಶ್ನೆ ಬ್ಯಾಂಕ್ ಓದುವವರು ಅಳತೆಯಲ್ಲಿ ಎಡವುತ್ತಾರೆ. ಬ್ರಿಟನ್ನಿನ ಲೆಕ್ಕದಲ್ಲಿ ಗ್ಲೂಕೋಸ್ ಲೀಟರಿಗೆ 10 ಮಿಲಿಮೋಲ್ ಎಂದರೆ ಅಮೆರಿಕದ ಲೆಕ್ಕದಲ್ಲಿ ಡೆಸಿಲೀಟರಿಗೆ 180 ಮಿಲಿಗ್ರಾಂ.

ಇನ್ನೊಂದು ಮಾತು: ಎಂಆರ್‌ಸಿಪಿ ಮುಗಿಸಿದವರು ಬ್ರಿಟನ್ನಿನಲ್ಲಿ ಕನ್ಸಲ್ಟೆಂಟ್ (ಹಿರಿಯ ತಜ್ಞ ವೈದ್ಯ) ಆಗಿಬಿಡುವುದಿಲ್ಲ, ಉನ್ನತ ತರಬೇತಿ ಬಾಕಿ ಇರುತ್ತದೆ. ರೆಸಿಡೆನ್ಸಿ ಸೀಟು ಕೈಯಲ್ಲಿಲ್ಲದವರು ಎಬಿಐಎಂ ಪುಸ್ತಕ ಕೊಳ್ಳುವ ಅವಸರ ಮಾಡಬೇಕಿಲ್ಲ. ಪಾರ್ಟ್ 1 ಬರೆಯಬಹುದು. ಆದರೆ ಅದರ ಪಾಸಿಗೆ ಏಳು ವರ್ಷದ ಆಯಸ್ಸು.